ಖಡಕ್ ರೊಟ್ಟಿಯ ಉದ್ಯಮಕ್ಕೆ ದೇಶದ ಅಂಕ ಹಚ್ಚಬೇಡಿ

‘ಮಹಿಳಾ ಉದ್ಯಮಶೀಲತೆಯ ಮೇಲೆ ರಾಷ್ಟ್ರೀಯ ಸಂಸ್ಕೃತಿಯ ಪರಿಣಾಮ’ ಎಂಬ ತಲೆಬರಹದ ಸಂಶೋಧನಾ ಪ್ರಸ್ತಾವಗಳು ಮುಂಬಯಿ, ಪುಣೆಯ ಕನ್ನಡ ವಿದ್ಯಾರ್ಥಿಗಳಿಂದಲೂ ಬರುತ್ತಿವೆ. ವಿಷಯ ಒಳ್ಳೆಯದು. ಆದರೆ ಒಳಗಿನ ಯೋಜನೆ ಹೆಚ್ಚಾಗಿ ಹೀಗಿರುತ್ತದೆ: ಡೊಂಬಿವಲಿ, ಕುರ್ಲಾ, ಪಿಂಪ್ರಿ-ಚಿಂಚವಡದ ಇನ್ನೂರು ಮಹಿಳೆಯರಿಗೆ ಪ್ರಶ್ನಾವಳಿ, ಪಕ್ಕದಲ್ಲಿ ದೇಶಗಳ ಸಂಸ್ಕೃತಿಗೆ ಅಂಕ ಹಚ್ಚಿದ ಡಚ್ ಸಂಶೋಧಕ ಹಾಫ್‌ಸ್ಟೆಡ್ ಕೊಟ್ಟ ಭಾರತದ ಅಂಕಗಳು, ಅಂದರೆ ಅಧಿಕಾರದ ಅಂತರ (ಮೇಲು-ಕೀಳನ್ನು ಸಹಜವೆಂದು ಒಪ್ಪುವ ಗುಣ) 77, ಪುರುಷತ್ವ 56, ಅನಿಶ್ಚಿತತೆಗೆ ಅಂಜುವ ಗುಣ 40, ಕೊನೆಗೆ ಇವೆರಡರ ನಡುವಿನ ಸಂಬಂಧದ ಲೆಕ್ಕ.

ಈ ಲೆಕ್ಕ ಹುಟ್ಟುವುದೇ ಇಲ್ಲ. ಇನ್ನೂರು ಮಂದಿಗೂ ಒಂದೇ 77. ಬದಲಾಗದ ಅಂಕಿಗೆ ಯಾವುದರ ಜೊತೆಗೂ ಸಹಸಂಬಂಧ ಇರಲು ಸಾಧ್ಯವಿಲ್ಲ. ಸಾಫ್ಟ್‌ವೇರ್ ಆ ಕಾಲಂ ಅನ್ನು ಹೊರಗೆ ಹಾಕುತ್ತದೆ. ಆಗ ವಿದ್ಯಾರ್ಥಿ ಆ ಅಂಕವನ್ನು ಚರ್ಚೆಯ ಅಧ್ಯಾಯಕ್ಕೆ ಸಾಗಿಸಿ, ‘ಭಾರತದಲ್ಲಿ ಅಧಿಕಾರದ ಅಂತರ ಹೆಚ್ಚು, ಹಾಗಾಗಿ ಈ ಮಹಿಳೆಯರು ಗಂಡನನ್ನು ಕೇಳಿಯೇ ನಿರ್ಧಾರ ತೆಗೆದುಕೊಳ್ಳುತ್ತಾರೆ’ ಎಂದು ಬರೆಯುತ್ತಾನೆ. ಅಳೆಯದೇ ಇದ್ದುದನ್ನು ಕಾರಣ ಎಂದು ಹೇಳಿದಂತಾಯಿತು.

ಆ ಅಂಕ ಎಲ್ಲಿಂದ ಬಂತು ಎಂಬುದು ಗೊತ್ತಿರಬೇಕು. ಗೀರ್ಟ್ ಹಾಫ್‌ಸ್ಟೆಡ್ ಬಳಸಿದ್ದು 1967ರಿಂದ 1973ರವರೆಗೆ ಐಬಿಎಂ ಕಂಪನಿಯ ನೌಕರರು ತುಂಬಿದ ಒಂದು ಲಕ್ಷಕ್ಕೂ ಹೆಚ್ಚು ಪ್ರಶ್ನಾವಳಿಗಳನ್ನು. ಪುಣೆಯ ಓಣಿಯಲ್ಲಿ ರೊಟ್ಟಿ ಬಡಿಯುವವಳು ಆ ಲಕ್ಷದಲ್ಲಿ ಇರಲಿಲ್ಲ. ಅದಕ್ಕಿಂತ ಮುಖ್ಯವಾಗಿ, ಅವು ದೇಶ-ದೇಶಗಳನ್ನು ಹೋಲಿಸುವ ಅಂಕಗಳು, ವ್ಯಕ್ತಿಯ ಗುಣ ಹೇಳುವವಲ್ಲ. ಹಾಫ್‌ಸ್ಟೆಡ್ ತಾನೇ ಇದನ್ನು ಎಚ್ಚರಿಸಿದ್ದ. ಗುಂಪಿನ ಸರಾಸರಿಯಿಂದ ವ್ಯಕ್ತಿಯ ಬಗ್ಗೆ ತೀರ್ಮಾನಿಸಿದರೆ ಎಷ್ಟು ಎಡವಟ್ಟಾಗುತ್ತದೆ ಎಂಬುದನ್ನು ಅಮೆರಿಕದ ಸಮಾಜಶಾಸ್ತ್ರಜ್ಞ ರಾಬಿನ್ಸನ್ 1950ರಲ್ಲೇ ತೋರಿಸಿದ. ಅಮೆರಿಕದಲ್ಲಿ ವಲಸಿಗರು ಹೆಚ್ಚಿದ್ದ ರಾಜ್ಯಗಳಲ್ಲಿ ಸಾಕ್ಷರತೆಯೂ ಹೆಚ್ಚಿತ್ತು. ಹಾಗೆಂದು ವಲಸಿಗರು ಹೆಚ್ಚು ಓದಿದವರಾಗಿರಲಿಲ್ಲ. ಒಬ್ಬೊಬ್ಬರನ್ನೇ ಎಣಿಸಿದಾಗ ಸಂಬಂಧ ತಿರುಗಾಮುರುಗಾ ಆಯಿತು.

‘ಪುರುಷತ್ವ 56’ ಎಂಬುದನ್ನಂತೂ ಗಂಡಸರ ದಬ್ಬಾಳಿಕೆಯ ಅಳತೆ ಎಂದು ಓದುವವರೇ ಹೆಚ್ಚು. ಅದು ಹೇಳುವುದು ಒಂದು ಸಮಾಜ ಸ್ಪರ್ಧೆ, ಗೆಲುವಿಗೆ ಒತ್ತು ಕೊಡುತ್ತದೋ ಆರೈಕೆ, ನೆಮ್ಮದಿಗೋ ಎಂಬುದನ್ನು. ಲಿಂಗ ಸಮಾನತೆಯೇ ಬೇಕಿದ್ದರೆ ಗ್ಲೋಬ್ ಅಧ್ಯಯನದ ಕಡೆ ಹೋಗಿ. 62 ಸಮಾಜಗಳ ಆ ಅಧ್ಯಯನದಲ್ಲಿ ಅದಕ್ಕೆ ಬೇರೆ ಆಯಾಮವೇ ಇದೆ. ‘ಈಗ ಹೇಗಿದೆ’, ‘ಹೇಗಿರಬೇಕು’ ಎಂದು ಎರಡು ಅಂಕವೂ ಇವೆ. ಯಾವುದನ್ನು ತೆಗೆದುಕೊಂಡಿರಿ ಎಂದು ಬರೆಯದಿದ್ದರೆ ಫಲಿತಾಂಶಕ್ಕೆ ಅರ್ಥವಿಲ್ಲ.

ಹಾಗಾದರೆ ಮಾಡುವುದೇನು? ನಿಜವಾಗಿ ದೇಶಗಳನ್ನೇ ಹೋಲಿಸಬೇಕೆಂದಿದ್ದರೆ ಗ್ಲೋಬಲ್ ಆಂತ್ರಪ್ರನರ್‌ಶಿಪ್ ಮಾನಿಟರ್‌ನ ದತ್ತಾಂಶ ಹಿಡಿಯಿರಿ. 1999ರಿಂದ ನಡೆಯುತ್ತಿರುವ ಈ ಸಮೀಕ್ಷೆಯಲ್ಲಿ ಪ್ರತಿ ದೇಶದಿಂದ ಕನಿಷ್ಠ 2,000 ವಯಸ್ಕರಿರುತ್ತಾರೆ. ಉದ್ಯಮ ಕಟ್ಟುತ್ತಿರುವವರಿಂದ ಹಿಡಿದು 42 ತಿಂಗಳೊಳಗಿನ ಉದ್ಯಮದ ಒಡೆಯರವರೆಗೆ ಎಣಿಕೆಗೆ ಬರುತ್ತಾರೆ. ವ್ಯಕ್ತಿಯನ್ನೂ ದೇಶವನ್ನೂ ಬೇರೆ ಬೇರೆ ಮಟ್ಟದಲ್ಲಿ ಲೆಕ್ಕಹಾಕುವ ಬಹುಸ್ತರದ ಮಾದರಿಯನ್ನೇ ಬಳಸಿ, ತಲಾ ಆದಾಯವನ್ನು ಒಳಗಿಡಿ. ಹಾಫ್‌ಸ್ಟೆಡ್‌ನ ಇನ್ನೊಂದು ಅಂಕವಾದ ವ್ಯಕ್ತಿವಾದ ದೇಶದ ಸಿರಿತನದ ಜೊತೆಗೇ ಏರುವುದರಿಂದ, ಆದಾಯ ಬಿಟ್ಟರೆ ಹಣದ ಕೆಲಸವನ್ನೆಲ್ಲ ಸಂಸ್ಕೃತಿಯ ಖಾತೆಗೆ ಬರೆದಂತಾಗುತ್ತದೆ. ಲಕ್ಷ ಜನರ ದತ್ತಾಂಶವಿದ್ದರೂ ಸಂಸ್ಕೃತಿಯ ಮಟ್ಟಿಗೆ ನಿಮ್ಮ ಸ್ಯಾಂಪಲ್ ದೇಶಗಳ ಸಂಖ್ಯೆಯಷ್ಟೇ. ಐವತ್ತು ದೇಶ ಅಂದರೆ ಐವತ್ತು.

ಒಂದೇ ಊರಿನಲ್ಲಿ ಮಾಡುವುದಾದರೆ ತಲೆಬರಹದಿಂದ ‘ರಾಷ್ಟ್ರೀಯ’ ತೆಗೆಯಿರಿ. ವ್ಯಕ್ತಿ ಮಟ್ಟದಲ್ಲಿ ಸಾಂಸ್ಕೃತಿಕ ಮೌಲ್ಯ ಅಳೆಯಲು ಯೂ, ದೊಂತು, ಲೆನಾರ್ಟೊವಿಚ್ 2011ರಲ್ಲಿ ಪ್ರಕಟಿಸಿದ 26 ಹೇಳಿಕೆಗಳ ಮಾಪನವಿದೆ. ಅದು ಉಪಯೋಗಕ್ಕೆ ಬರುತ್ತದೆ. ಆದರೆ ಮಹಿಳೆಯನ್ನು ಕಟ್ಟಿಹಾಕುವುದೋ ಬಿಡಿಸುವುದೋ ಹೆಚ್ಚಾಗಿ ಮೌಲ್ಯವಲ್ಲ. ಆಸ್ತಿ, ಸಹಿ ಮತ್ತು ಸಮಯ. ನಮ್ಮ ಜನರ ನಡುವೆಯೇ ಇವು ಎಷ್ಟು ಬೇರೆ ನೋಡಿ. ಮುಂಬಯಿಯ ಬಂಟರ ಮನೆಗಳ ಹಿಂದೆ ಅಳಿಯಕಟ್ಟಿನ ಪರಂಪರೆ ಇದೆ. ಆಸ್ತಿಯ ಹಕ್ಕು ಹೆಣ್ಣಿನ ಸಂತತಿಯಲ್ಲಿ ಹರಿದರೂ ಯಜಮಾನಿಕೆ ಬಹುಪಾಲು ಗಂಡಸಿನ ಕೈಯಲ್ಲಿ. ಗೋವಾ ಮೂಲದ ದಂಪತಿಗೆ 1867ರ ಪೋರ್ಚುಗೀಸ್ ಸಿವಿಲ್ ಕೋಡ್‌ನಿಂದ ಬಂದ ನಿಯಮದಂತೆ, ಮದುವೆಗೆ ಮುಂಚೆ ಬೇರೆ ಕರಾರು ಮಾಡಿಕೊಂಡಿಲ್ಲದಿದ್ದರೆ ಆಸ್ತಿ ಇಬ್ಬರಿಗೂ ಅರ್ಧರ್ಧ. ಸ್ಥಿರಾಸ್ತಿ ಮಾರಲು ಇಬ್ಬರ ಸಹಿ ಬೇಕು. ವಿಜಯಪುರದಿಂದ ಪುಣೆಗೆ ಬಂದವಳಿಗೆ ಹಿಂದೂ ಉತ್ತರಾಧಿಕಾರ ಕಾಯ್ದೆ ಅನ್ವಯಿಸುತ್ತದೆ. ಕರ್ನಾಟಕ, ಮಹಾರಾಷ್ಟ್ರಗಳು 1994ರಲ್ಲೇ ಮಗಳಿಗೆ ಪಿತ್ರಾರ್ಜಿತದಲ್ಲಿ ಪಾಲು ಕೊಟ್ಟವು, ಇಡೀ ದೇಶಕ್ಕೆ ಬಂದದ್ದು 2005ರಲ್ಲಿ. ಕಾಗದದಲ್ಲಿ ಪಾಲಿದ್ದೂ ತವರಿನ ಹೊಲಕ್ಕೆ ಹಕ್ಕುಬಿಡುಗಡೆ ಪತ್ರ ಬರೆದುಕೊಟ್ಟವರೆಷ್ಟು ಎಂದು ಕೇಳಿ. ಬ್ಯಾಂಕಿಗೆ ಅಡವಿಡಲು ಏನಿದೆ ಎಂಬುದರ ಉತ್ತರ ಅಲ್ಲಿದೆ. ಈ ಮೂವರಿಗೂ 77 ಎಂದು ಬರೆದರೆ ನೋಡಬೇಕಾದ್ದೆಲ್ಲ ಅಳಿಸಿಹೋಗುತ್ತದೆ.

‘ಉದ್ಯಮದ ಒಡತಿ ಯಾರು’ ಎಂಬುದನ್ನೂ ಕಾಗದದಿಂದ ಮಾತ್ರ ತೀರ್ಮಾನಿಸಬಾರದು. 2025ರ ಮಾರ್ಚ್‌ವರೆಗೆ ಇದ್ದ ಸ್ಟ್ಯಾಂಡ್-ಅಪ್ ಇಂಡಿಯಾ ಎಂಬ ಸರಕಾರಿ ಸಾಲ ಯೋಜನೆ ಪಾಲುದಾರಿಕೆಯ ಸಂಸ್ಥೆಗೆ ಶೇ. 51 ಪಾಲು ಮತ್ತು ಹಿಡಿತ ಎರಡನ್ನೂ ಕೇಳುತ್ತಿತ್ತು. ಪ್ರಶ್ನಾವಳಿಗಳು ಪಾಲನ್ನಷ್ಟೇ ಕೇಳಿ ನಿಲ್ಲುತ್ತವೆ. ಹಿಡಿತ ತಿಳಿಯಲು ಒಂದು ಸುಲಭದ ದಾರಿ: ಅಂಗಡಿಯ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದಾಗ ಮೊಬೈಲಿನ ಮೇಲೆ ಯಾರ ಹೆಸರು ಬರುತ್ತದೆ? ಬೋರ್ಡಿನ ಮೇಲೆ ಅವಳ ಹೆಸರು, ಪರದೆಯ ಮೇಲೆ ಮಗನ ಹೆಸರು ಎಂದಾದರೆ ಅದನ್ನೇ ಒಂದು ಕಾಲಂ ಮಾಡಿ. ಅವಳ ಹೆಸರಿನಲ್ಲೇ ಸಾಲ ತೆಗೆದು ಗಂಡ ನಡೆಸುವ ಉದ್ಯಮವೂ ಇದೆ, ಅವನ ಹೆಸರಿನಲ್ಲಿದ್ದು ಪೂರ್ತಿ ಅವಳೇ ನಡೆಸುವ ಉದ್ಯಮವೂ ಇದೆ. ಎರಡನೆಯದು ಸಮೀಕ್ಷೆಗೆ ಸಿಗದೇ ಹೋಗುವುದು ದೊಡ್ಡ ಅನ್ಯಾಯ.

ಪ್ರಶ್ನೆಯ ಭಾಷೆಗೆ ಬರೋಣ. ಅರ್ಧ ಸಂಶೋಧನೆ ಕೆಡುವುದು ಇಲ್ಲೇ. ‘ರಿಸ್ಕ್’ ಎಂಬುದನ್ನು ‘ಅಪಾಯ’ ಎಂದು ಅನುವಾದಿಸಿದರೆ ‘ಅಪಾಯಕ್ಕೆ ಯಾರಾದರೂ ಇಳಿಯುತ್ತಾರಾ?’ ಎಂಬ ಉತ್ತರ ಬರುತ್ತದೆ. ಜನ ರಿಸ್ಕ್ ಎಂದೇ ಹೇಳುತ್ತಾರೆ, ಹಾಗೇ ಬಿಡಿ. ‘ನಿರ್ಧಾರ ನಾನೇ ತೆಗೆದುಕೊಳ್ಳುತ್ತೇನೆ’ ಎಂಬಲ್ಲಿನ ಒಂದು ‘ಏ’ಕಾರ ಸಾಕು, ಯಾರನ್ನೂ ಲೆಕ್ಕಿಸದವಳು ಎಂಬ ಧ್ವನಿ ಬಂದು ಒಪ್ಪುವವಳೂ ಹಿಂಜರಿಯುತ್ತಾಳೆ. ‘ಸಾಲ ಸಿಗುವುದು ನನಗೆ ಕಷ್ಟವಲ್ಲ’ ಎಂದು ಓದಿ ‘ಒಪ್ಪುವುದಿಲ್ಲ’ ಎಂದು ಗುರುತಿಸಲು ಹೇಳಿದರೆ ಎರಡು ನಿಷೇಧ ಸೇರಿ ತಲೆ ಗೊಂದಲ. ಇನ್ನು ‘ಉದ್ಯಮಿ’ ಎಂಬ ಪದ. ‘ನೀವು ಉದ್ಯಮಿಯೇ?’ ಎಂದರೆ ‘ಇಲ್ರೀ, ಮನಿಯೊಳಗ ಒಂದಿಷ್ಟು ರೊಟ್ಟಿ, ಶೇಂಗಾ ಹಿಂಡಿ ಮಾಡತೀವಿ’ ಎನ್ನುತ್ತಾರೆ, ಅಲ್ಲಿಗೆ ಸಂದರ್ಶನ ಮುಗಿಯಿತು. ‘ಅಕ್ಕಾರ, ಹೋದ ವಾರ ಎಷ್ಟು ರೊಟ್ಟಿ ಮಾರಿದ್ರಿ?’ ಎಂದು ಶುರುಮಾಡಿ. ಕನ್ನಡದಿಂದ ಮತ್ತೆ ಇಂಗ್ಲಿಷಿಗೆ ಬೇರೊಬ್ಬರಿಂದ ಅನುವಾದ ಮಾಡಿಸಿ ತಾಳೆ ನೋಡುವ ಪದ್ಧತಿ ಇರಲಿ, ಅದು ಸಾಲದು. ಹತ್ತು-ಹದಿನೈದು ಮಂದಿಗೆ ಪ್ರಶ್ನೆ ಓದಿ, ‘ನಾನು ಕೇಳಿದ್ದೇನು, ನಿಮ್ಮ ಮಾತಿನಲ್ಲಿ ಹೇಳಿ’ ಎನ್ನಿ.

‘ಅಂತಾರಾಷ್ಟ್ರೀಯ ವ್ಯವಹಾರ’ದ ಪ್ರಶ್ನೆಯಲ್ಲೂ ಇದೇ ಗೋಳು. ನಿಮ್ಮ ಗ್ರಾಹಕರಲ್ಲಿ ಎಷ್ಟು ಪಾಲು ದೇಶದ ಹೊರಗೆ ವಾಸಿಸುತ್ತಾರೆ ಎಂಬುದು ಮೇಲೆ ಹೇಳಿದ ಮಾನಿಟರ್ ಸಮೀಕ್ಷೆಯ ಪ್ರಶ್ನೆ. ಗೋವಾದ ಕಲಂಗುಟ್‌ನಲ್ಲಿ ವಿದೇಶಿ ಪ್ರವಾಸಿಗರಿಗೆ ಬಟ್ಟೆ ಮಾರುವವಳು ಇದಕ್ಕೆ ಹೌದೆನ್ನುತ್ತಾಳೆ. ವ್ಯಾಪಾರಿ ರಫ್ತುದಾರನ ಮೂಲಕ ದುಬೈಗೆ ಹಪ್ಪಳ ಹೋಗುವ ಡೊಂಬಿವಲಿಯವಳು ‘ಇಲ್ಲ’ ಎನ್ನುತ್ತಾಳೆ, ಯಾಕೆಂದರೆ ಅವಳ ಗ್ರಾಹಕ ಮುಂಬಯಿಯ ಮಸೀದಿ ಬಂದರಿನ ವ್ಯಾಪಾರಿ. ಒಂದರ ಬದಲು ಮೂರು ಕೇಳಿ: ಮಾಲು ಹೊರದೇಶಕ್ಕೆ ಹೋಗುತ್ತದೆಯೇ, ಕಳಿಸುವವರು ಯಾರು, ಅಲ್ಲಿ ಕೊಳ್ಳುವವರ ಹೆಸರು ನಿಮಗೆ ಗೊತ್ತೇ. ಆಮದು-ರಫ್ತು ಕೋಡ್ ಅವಳ ಪ್ಯಾನ್ ಮೇಲಿದೆಯೇ ಎಂಬುದನ್ನೂ ಸೇರಿಸಿ. ಅದರ ಶುಲ್ಕ 500 ರೂಪಾಯಿ. ಪ್ರತಿವರ್ಷ ಏಪ್ರಿಲ್-ಜೂನ್ ಒಳಗೆ ವಿವರ ದೃಢಪಡಿಸದಿದ್ದರೆ ಕೋಡ್ ನಿಷ್ಕ್ರಿಯವಾಗುತ್ತದೆ, ಮಾಲು ಬಂದರಿಗೆ ಹೋದಮೇಲೆ ಅದು ಗೊತ್ತಾಗುತ್ತದೆ.

ಸುಸ್ಥಿರತೆಯ ಅಧ್ಯಾಯದಲ್ಲಿ ಪರಿಸರದ ಮೌಲ್ಯಗಳ ಬಗ್ಗೆ ಹೇಳಿಕೆಗಳನ್ನು ಕೊಟ್ಟರೆ ಎಲ್ಲರೂ ‘ಪೂರ್ತಿ ಒಪ್ಪುತ್ತೇನೆ’ ಎನ್ನುತ್ತಾರೆ. ಬಿಲ್ ನೋಡಿ, ಮೂಟೆ ನೋಡಿ. 2020ರಲ್ಲಿ ಭಾರತದಿಂದ ಯುರೋಪಿಗೆ ಹೋದ ಎಳ್ಳಿನಲ್ಲಿ ಎಥಿಲೀನ್ ಆಕ್ಸೈಡ್ ಎಂಬ ಕ್ರಿಮಿನಾಶಕ ರಾಸಾಯನಿಕ ಪತ್ತೆಯಾಗಿ ಅಲ್ಲಿ ತಪಾಸಣೆ ಬಿಗಿಯಾಯಿತು. ಸಜ್ಜೆ ರೊಟ್ಟಿಯ ಮೇಲೆ ಒತ್ತುವ ಎಳ್ಳು ಯಾವ ಮೂಟೆಯದು, ಲಾಟ್ ನಂಬರ್ ಬರೆದಿಟ್ಟಿದ್ದಾಳೆಯೇ ಎಂಬ ಪ್ರಶ್ನೆ ಹತ್ತು ಹೇಳಿಕೆಗಳಿಗಿಂತ ಹೆಚ್ಚು ಹೇಳುತ್ತದೆ.

ಉದ್ಯಮ ಬಾಳುತ್ತದೆಯೇ ಎಂಬುದೂ ಸುಸ್ಥಿರತೆಯೇ. ಉದಾಹರಣೆಗೆ ಒಂದು ದಿನದ 200 ಖಡಕ್ ರೊಟ್ಟಿ ಹಿಡಿಯಿರಿ. ಒಂದಕ್ಕೆ 10ರಂತೆ 2,000 ರೂಪಾಯಿ. ಹನ್ನೆರಡು ಕಿಲೋ ಹಿಟ್ಟಿಗೆ 720, ಗ್ಯಾಸ್ ಮತ್ತು ಪ್ಯಾಕಿಂಗಿಗೆ 280. ಸಾವಿರ ಉಳಿಯಿತು ಎಂದು ಪ್ರಶ್ನಾವಳಿಯಲ್ಲಿ ಬರೆಯುತ್ತಾರೆ. ಅತ್ತೆ-ಸೊಸೆ ಇಬ್ಬರೂ ಆರಾರು ಗಂಟೆ ದುಡಿದದ್ದಕ್ಕೆ ಗಂಟೆಗೆ 75 ಹಿಡಿದರೆ 900 ಹೋಯಿತು, ಲಾಭ 100. ಈ ಹನ್ನೆರಡು ಗಂಟೆ ಯಾರ ಲೆಕ್ಕದಲ್ಲೂ ಇಲ್ಲ. 2024ರ ಸಮಯ ಬಳಕೆ ಸಮೀಕ್ಷೆಯಲ್ಲಿ ಸಂಬಳವಿಲ್ಲದ ಮನೆಗೆಲಸ ಮಾಡಿದವರ ಪೈಕಿ ಹೆಂಗಸರು ಅದಕ್ಕೆ ದಿನಕ್ಕೆ 289 ನಿಮಿಷ ಕೊಟ್ಟರೆ ಗಂಡಸರು ಕೊಟ್ಟದ್ದು 88. ರೊಟ್ಟಿಯ ಆರು ಗಂಟೆ ಬರುವುದು ಆ 289ರ ಮೇಲೆ.

ಗಿರ್‌ಗಾಂವ್‌ನಲ್ಲಿ 1959ರಲ್ಲಿ ಏಳು ಮಹಿಳೆಯರು 80 ರೂಪಾಯಿ ಸಾಲದಿಂದ ಆರಂಭಿಸಿದ ಲಿಜ್ಜತ್ ಪಾಪಡ್ ಅನ್ನು ಎಲ್ಲರೂ ಉದಾಹರಿಸುತ್ತಾರೆ, ‘ಭಾರತೀಯ ಸಾಮೂಹಿಕತೆ’ ಎಂದು ಮುಗಿಸುತ್ತಾರೆ. ಅದರ ಜೀವಾಳ ವ್ಯವಸ್ಥೆಯಲ್ಲಿದೆ. ಕಲಸಿದ ಹಿಟ್ಟನ್ನು ಕೇಂದ್ರದಿಂದ ಒಯ್ದು ಮನೆಯಲ್ಲಿ ತಮ್ಮ ಹೊತ್ತಿಗೆ ಲಟ್ಟಿಸಿ ಮರುದಿನ ಒಪ್ಪಿಸುತ್ತಾರೆ, ಲಟ್ಟಿಸಿದ್ದಕ್ಕೆ ಕೂಲಿ ಸಿಗುತ್ತದೆ, ಒಡೆತನ ಸದಸ್ಯೆಯರದ್ದೇ. ಅಂದರೆ ಮೇಲಿನ ಲೆಕ್ಕದಲ್ಲಿ ಕಾಣೆಯಾದ ಗಂಟೆಗಳಿಗೆ ಅಲ್ಲಿ ಮೊದಲೇ ಬೆಲೆ ಕಟ್ಟಿದೆ.

ಮನೆಗೆ ಹೋಗುವುದಾದರೆ ಮಧ್ಯಾಹ್ನ 2ರಿಂದ 4ರೊಳಗೆ ಹೋಗಿ. ನಲ್ಲಿ ನೀರು ಬರುವ ಹೊತ್ತು ಬೇಡ. ಗಂಡ ಅಥವಾ ಮಗ ಪಕ್ಕದಲ್ಲಿ ಕೂತಿದ್ದರೆ ಸಾಲ, ಸಹಿ, ಖಾತೆಯ ಪ್ರಶ್ನೆಗಳನ್ನು ಆ ದಿನ ಬಿಟ್ಟು, ಹಿಟ್ಟಿನ ದರದ ಮಾತು ಮುಗಿಸಿ ಎದ್ದು ಬನ್ನಿ. ಉಳಿದದ್ದಕ್ಕೆ ಎರಡನೇ ಸಲ ಹೋಗಿ, ಯಾರು ಇದ್ದರು ಎಂಬುದನ್ನು ಪ್ರತಿ ಹಾಳೆಯ ತುದಿಯಲ್ಲಿ ಬರೆದಿಡಿ.