ಹುಟ್ಟಿನಿಂದಲೇ ಇರುವ ಶ್ವಾಸಕೋಶದ ದೋಷ ಮಾತ್ರೆಗೆ ಕರಗುತ್ತಾ?

ಪ್ರಶ್ನೆ: ನನಗೆ 38 ವರ್ಷ. ಪದೇ ಪದೇ ನ್ಯುಮೋನಿಯಾ ಬರುತ್ತಿತ್ತು. ಸಿಟಿ ಸ್ಕ್ಯಾನ್‌ನಲ್ಲಿ ಪಲ್ಮನರಿ ಸೀಕ್ವೆಸ್ಟ್ರೇಷನ್ ಅಂತ ಬಂದಿದೆ. ಆಂಟಿಬಯೋಟಿಕ್ ತಗೊಂಡು ಈಗ ಆರಾಮಿದ್ದೇನೆ. ಆಪರೇಷನ್ ಬೇಕೇ ಬೇಕಾ?

ಉತ್ತರ: ಹೀಗೆ ಮತ್ತೆ ಮತ್ತೆ ಸೋಂಕು ಆಗುತ್ತಿದ್ದರೆ, ಸಾಮಾನ್ಯವಾಗಿ ಬೇಕು. ಆದರೆ 'ಜ್ವರ ಬಿಟ್ಟಿತು, ಹಾಗಾದರೆ ಮಾತ್ರೆಗೇ ಕರಗಿರಬೇಕು' ಅನ್ನುವ ನಂಬಿಕೆ ಇದೆಯಲ್ಲ, ಎಷ್ಟು ಸಲ ಹೇಳಿದರೂ ಅದು ಹೋಗುವುದಿಲ್ಲ.

ಕರಗೋಕೆ ಅದು ಕಟ್ಟಿದ ಕಫ ಅಲ್ಲ. ತಾಯಿಯ ಹೊಟ್ಟೆಯಲ್ಲಿದ್ದಾಗಲೇ ದಾರಿ ತಪ್ಪಿ ಬೆಳೆದ ಶ್ವಾಸಕೋಶದ ತುಂಡು. ಉಸಿರಿನ ಕೊಳವೆಗಳ ಜೊತೆ ಅದಕ್ಕೆ ಸರಿಯಾದ ಸಂಪರ್ಕವಿಲ್ಲ. ಹೃದಯದಿಂದ ಹೊರಡುವ ಮಹಾಪಧಮನಿ ಅಥವಾ ಅದರ ಕವಲಿನಿಂದ ಅದಕ್ಕೆ ರಕ್ತ ಬರುತ್ತದೆ. ದೊಡ್ಡವರಲ್ಲಿ ಇದು ಜಾಸ್ತಿ ಸಿಗುವುದು ಎಡ ಶ್ವಾಸಕೋಶದ ಕೆಳಭಾಗದಲ್ಲಿ. ಪಕ್ಕದ ಭಾಗದಿಂದ ಗಾಳಿ ಒಳಗೆ ನುಸುಳುತ್ತದೆ, ಜೊತೆಗೆ ರೋಗಾಣುವೂ. ಕಫ ಹೊರಬರೋಕೆ ಮಾತ್ರ ದಾರಿ ಇಲ್ಲ. ಆಂಟಿಬಯೋಟಿಕ್ ರೋಗಾಣುವನ್ನು ಕೊಲ್ಲುತ್ತದೆ, ಒಪ್ಪೋಣ. ಮೋರಿ ಕಟ್ಟಿದ ಬಚ್ಚಲಿಗೆ ಫಿನಾಯಿಲ್ ಸುರಿದರೆ ವಾಸನೆ ಹೋಗಬಹುದು, ನೀರು ಹೋಗುತ್ತಾ? ನಿಮ್ಮ ಹಳೆಯ ಎಕ್ಸ್‌ರೇಗಳನ್ನು ಸಾಲಾಗಿ ಜೋಡಿಸಿ ನೋಡಿ. ಸೋಂಕು ಬಂದಾಗಲೆಲ್ಲ ಬಿಳಿ ಮಬ್ಬು ಅದೇ ಮೂಲೆಯಲ್ಲಿ ಇರುತ್ತದೆ. ಇನ್‌ಹೇಲರ್, ಉಸಿರಿನ ವ್ಯಾಯಾಮ ಯಾವುದೂ ಆ ತುಂಡನ್ನು ಅಳಿಸುವುದಿಲ್ಲ.

ಆಪರೇಷನ್‌ನಲ್ಲಿ ಆ ಭಾಗವನ್ನಷ್ಟೇ, ಇಲ್ಲವೇ ಶ್ವಾಸಕೋಶದ ಕೆಳಗಿನ ಹಾಲೆಯನ್ನೇ (ಕೆಳಗಿನ ಇಡೀ ಭಾಗವನ್ನು) ತೆಗೆಯುತ್ತಾರೆ. ಎಷ್ಟೋ ಸಲ ಕೀಹೋಲ್‌ನಲ್ಲೇ, ಅಂದರೆ ಸಣ್ಣ ತೂತುಗಳ ಮೂಲಕವೇ ಆಗುತ್ತದೆ. ಸೋಂಕು ಇಳಿದ ಮೇಲೆ ಮಾಡುವುದು ವಾಸಿ. ಕೆಲವರಲ್ಲಿ ಕ್ಯಾತಿಟರ್ (ತೆಳುವಾದ ಕೊಳವೆ) ತೂರಿಸಿ ಆ ತುಂಡಿಗೆ ರಕ್ತ ತರುವ ರಕ್ತನಾಳವನ್ನು ಮುಚ್ಚುತ್ತಾರೆ. ಕೆಮ್ಮಿದಾಗ ರಕ್ತ ಬರುತ್ತಿದ್ದರೆ ಅದು ಉಪಯೋಗಕ್ಕೆ ಬರುತ್ತದೆ, ಆದರೆ ತುಂಡು ಅಲ್ಲೇ ಉಳಿಯುತ್ತದೆ. ಯಾವ ತೊಂದರೆಯೂ ಇಲ್ಲದೆ ಬೇರೆ ಸ್ಕ್ಯಾನ್‌ನಲ್ಲಿ ಸಿಕ್ಕಿದ್ದರೆ ಕಾದು ನೋಡುವ ಡಾಕ್ಟರರೂ ಇದ್ದಾರೆ, ತೆಗೆಸಿ ಅನ್ನುವವರೂ ಇದ್ದಾರೆ. ನಿಮ್ಮದು ಆ ಲೆಕ್ಕಕ್ಕೆ ಬರುವುದಿಲ್ಲ.

ನೀವು ಕೇಳಿಲ್ಲ, ಆದರೂ ಸೂಜಿ ಪರೀಕ್ಷೆಯ ಬಗ್ಗೆ ಹೇಳಿಬಿಡುತ್ತೇನೆ. ಎಕ್ಸ್‌ರೇಯಲ್ಲಿ ಇದು ಗಡ್ಡೆಯ ಹಾಗೆ ಕಾಣುವುದುಂಟು. ಆಗ 'ಬಯಾಪ್ಸಿ ಮಾಡಿಬಿಡೋಣ' ಅನ್ನುವ ಮಾತು ಬರುತ್ತದೆ. ಆ ರಕ್ತನಾಳದಲ್ಲಿ ಹರಿಯುವುದು ಮಹಾಪಧಮನಿಯ ಒತ್ತಡದ ರಕ್ತ. ಚುಚ್ಚಿದರೆ ಜೋರಾಗಿ ರಕ್ತಸ್ರಾವ ಆಗಬಹುದು. ಆಪರೇಷನ್ ಮಾಡುವವರೂ ಮೊದಲು ಆ ರಕ್ತನಾಳವನ್ನೇ ಹುಡುಕಿ ಬಂದ್ ಮಾಡುತ್ತಾರೆ. ಒಮ್ಮೊಮ್ಮೆ ಅದು ಹೊಟ್ಟೆಯಿಂದ ವಪೆಯನ್ನು (ಎದೆಗೂ ಹೊಟ್ಟೆಗೂ ನಡುವಿನ ಪರದೆ) ದಾಟಿ ಮೇಲಕ್ಕೆ ಬಂದಿರುತ್ತದೆ. ಹಾಗಾಗಿ ನಿಮ್ಮ ಸಿಟಿಯನ್ನು ಕಾಂಟ್ರಾಸ್ಟ್ (ರಕ್ತನಾಳ ಎದ್ದು ಕಾಣಲು ಹಾಕುವ ಔಷಧ) ಕೊಟ್ಟು ಮಾಡಿದ್ದಾರಾ, ರಿಪೋರ್ಟ್‌ನಲ್ಲಿ ಆ ರಕ್ತನಾಳ ಎಲ್ಲಿಂದ ಹೊರಟಿದೆ ಅಂತ ಬರೆದಿದ್ದಾರಾ, ಸರ್ಜನ್ ಹತ್ತಿರ ಹೋಗುವ ಮುಂಚೆ ನೋಡಿಕೊಳ್ಳಿ.