ಈ ಬಾಟಲಿ ಎಲ್ಲಿಂದ ಬಂತು?

ಅಬಕಾರಿ ಇನ್‌ಸ್ಪೆಕ್ಟರ್ ಬಂದರು ಅಂದರೆ ಸಾಕು, ಕೊಡಗಿನ ಮದುವೆ ಮನೆಯಲ್ಲೂ ಒಂದು ಕ್ಷಣ ಮಾತು ನಿಲ್ಲುತ್ತದೆ. ಕುಡಿಯುವವರನ್ನು ಹಿಡಿಯಲು ಬಂದಿದ್ದಾರೆ ಅಂದುಕೊಳ್ಳುತ್ತಾರೆ. ನನ್ನ ಕೆಲಸ ಅದಲ್ಲ. ಕಾರಣರಿಗೆ, ಅಂದರೆ ತೀರಿಹೋದ ಹಿರಿಯರಿಗೆ, ಮೀದಿ (ಎಡೆ) ಇಡುವಾಗಲೂ ಮದ್ಯ ಇಡುವ ನಾಡು ಇದು. ನಾನು ಕೇಳುವುದು ಒಂದೇ ಪ್ರಶ್ನೆ: ಈ ಬಾಟಲಿ ಎಲ್ಲಿಂದ ಬಂತು?

ಸರಿಯಾದ ಬಾಟಲಿಗೆ ಒಂದು ದಾರಿ ಇರುತ್ತದೆ. ಡಿಸ್ಟಿಲರಿಯಿಂದ ರಾಜ್ಯ ಪಾನೀಯ ನಿಗಮದ ಡಿಪೋಗೆ, ಅಲ್ಲಿಂದ ಸಿಎಲ್-2 ಪರವಾನಗಿಯ ಚಿಲ್ಲರೆ ಅಂಗಡಿಗೋ ಸಿಎಲ್-9 ಬಾರ್‌ಗೋ. ಮುಚ್ಚಳದ ಮೇಲೆ ಅಬಕಾರಿ ಚೀಟಿ ಇರುತ್ತದೆ. ಅಂಗಡಿಗೆ ಹೋದರೆ ನಾನು ಮೊದಲು ನೋಡುವುದು ಆ ಚೀಟಿ, ಆಮೇಲೆ ದಾಸ್ತಾನು ಪುಸ್ತಕ.

ಬಾರ್‌ನಲ್ಲಿ ತೆರೆದ ಬಾಟಲಿ ಇದ್ದರೆ ಹೈಡ್ರೋಮೀಟರ್ ಬೇಕು, ಅಂದರೆ ಮದ್ಯದಲ್ಲಿ ತೇಲಿಬಿಟ್ಟು ಸಾಂದ್ರತೆ ಅಳೆಯುವ ಸಾಧನ. ರಮ್, ವಿಸ್ಕಿ ಬಾಟಲಿಗಳ ಮೇಲೆ ಆಲ್ಕೋಹಾಲ್ 42.8% ಎಂದು ಬರೆದಿರುವುದನ್ನು ನೋಡಿರುತ್ತೀರಿ. ಮದ್ಯದ ಕಡುಪು ಅಳೆಯುವ ಹಳೆಯ ಲೆಕ್ಕದಲ್ಲಿ ಅದು 75 ಡಿಗ್ರಿ ಪ್ರೂಫ್. ಮದ್ಯಕ್ಕೆ ನೀರು ಬೆರೆಸಿದರೆ ಅದರ ಸಾಂದ್ರತೆ ಜಾಸ್ತಿಯಾಗಿ ಹೈಡ್ರೋಮೀಟರ್ ಮೇಲಕ್ಕೆ ತೇಲುತ್ತದೆ. ಆದರೆ ಜುಲೈ ಮಳೆಯಲ್ಲಿ ಮಡಿಕೇರಿಯಲ್ಲಿ ನೋಡಿದ ಅಂಕಿಯೂ, ಏಪ್ರಿಲ್ ಬಿಸಿಲಲ್ಲಿ ಕುಶಾಲನಗರದಲ್ಲಿ ನೋಡಿದ ಅಂಕಿಯೂ ಒಂದೇ ಆಗುವುದಿಲ್ಲ. ಚಳಿಗೆ ಮದ್ಯ ಕುಗ್ಗುತ್ತದೆ. ಅದಕ್ಕೆ ಥರ್ಮಾಮೀಟರ್ ಇಟ್ಟು, ಕೋಷ್ಟಕ ನೋಡಿ ತಿದ್ದಬೇಕು. ರಮ್‌ನಲ್ಲಿರುವ ಬಣ್ಣ, ಸಕ್ಕರೆ ಕೂಡ ಅಂಕಿಯನ್ನು ತಪ್ಪಿಸುತ್ತವೆ. ಹಾಗಾಗಿ ಅಲ್ಲೇ ನಿಂತು ಯಾರನ್ನೂ ಕಳ್ಳ ಅನ್ನಬಾರದು. ಪಂಚರ ಮುಂದೆ ಮಾದರಿ ತೆಗೆದು, ಸೀಲು ಹಾಕಿ, ಮಹಜರು ಬರೆದು ಲ್ಯಾಬ್‌ಗೆ ಕಳಿಸಬೇಕು. ಹೊಸ ಹುಡುಗರಿಗೆ ನಾನು ಜಾಸ್ತಿ ಹೇಳುವುದು ಇದನ್ನೇ.

ಪ್ರವಾಸಿಗರು ಕೇಳುವುದು ಹೋಂಮೇಡ್ ವೈನ್ ಬಗ್ಗೆ. ದ್ರಾಕ್ಷಿ, ನೆಲ್ಲಿ, ಶುಂಠಿ, ವೀಳ್ಯದೆಲೆ, ಪರಂಗಿ ಮೆಣಸು, ಎಲ್ಲದರ ವೈನೂ ಇಲ್ಲಿ ಸಿಗುತ್ತದೆ. ಅಂಗಡಿಯಲ್ಲಿ ಜೇನು, ಕಾಫಿಪುಡಿ ಪಕ್ಕದಲ್ಲೇ ಇಟ್ಟಿರುತ್ತಾರೆ. ಅಜ್ಜಿ ಕೈಯ ರುಚಿ, ಇದರಲ್ಲಿ ತಪ್ಪೇನು ಅಂತ ಅನಿಸುತ್ತದೆ, ಅಲ್ವಾ? ಆದರೆ 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಮದ್ಯ ಮಾರುವುದು ಅಪರಾಧ. ಹಣ್ಣು ಸುಮ್ನೆ ಹುದುಗಿದರೆ ಅದಕ್ಕೊಂದು ಮಿತಿ ಇದೆ. ಆಲ್ಕೋಹಾಲ್ ಸುಮಾರು 15% ಹತ್ತಿರ ಬಂದಾಗ ಸಾಮಾನ್ಯ ಯೀಸ್ಟ್ ಸೋಲುತ್ತದೆ. ಅಜ್ಜಿಯ ಭರಣಿಗೆ ನಾನು ಹೆದರುವುದಿಲ್ಲ. ಹೆದರುವುದು ಕಿಕ್ ಸಾಲದು ಅಂತ ಅದಕ್ಕೆ ಸ್ಪಿರಿಟ್ ಬೆರೆಸುವ ಕೈಗೆ. ಆ ಸ್ಪಿರಿಟ್ ಎಲ್ಲಿಂದ ಬಂತು ಅಂತ ಬಾಟಲಿ ಹೇಳುವುದಿಲ್ಲ.

ಸೈನಿಕರಿಗೆ, ಮಾಜಿ ಸೈನಿಕರಿಗೆ ರಿಯಾಯಿತಿ ದರದಲ್ಲಿ ಸಿಗುವ ಮಿಲಿಟರಿ ಕ್ಯಾಂಟೀನ್ ರಮ್ ಇನ್ನೊಂದು. ಇಲ್ಲಿ ಸೈನ್ಯಕ್ಕೆ ಹೋಗಿಬಂದವರಿಲ್ಲದ ಊರು ಕಡಿಮೆ. ಆ ರಿಯಾಯಿತಿ ಅವರು ದುಡಿದು ಗಳಿಸಿದ್ದು, ನನಗೆ ಅದರ ಮೇಲೆ ಗೌರವವಿದೆ. ಅದನ್ನು ಮಾರಿದರೆ ಮಾತ್ರ ಕೇಸು. ಮದುವೆ ಮಂಟಪದಲ್ಲಿ ಮದ್ಯ ಕೊಡುವವರು ಸಿಎಲ್-5 ಎಂಬ ತಾತ್ಕಾಲಿಕ ಪರವಾನಗಿಗೆ ಮೊದಲೇ ಅರ್ಜಿ ಹಾಕಿ. ಹೋಂಸ್ಟೇ ನಡೆಸುವವರಿಗೂ ಅಷ್ಟೇ ಹೇಳುವುದು: ಲೈಸೆನ್ಸ್ ಇಲ್ಲದೆ ಅತಿಥಿಗಳಿಗೆ ಮದ್ಯ ಮಾರಬೇಡಿ. ಮಾಕುಟ್ಟ, ಕುಟ್ಟ, ಕರಿಕೆಯ ಕೇರಳ ಗಡಿಗಳಲ್ಲಿ ರಾತ್ರಿ ಗಾಡಿ ನಿಲ್ಲಿಸಿ ನೋಡುವುದೂ ಇದೇ ಪ್ರಶ್ನೆಗಾಗಿ.

ನನಗೆ ನಿದ್ದೆ ಕೆಡಿಸುವುದು ಇವು ಯಾವುದೂ ಅಲ್ಲ. ಕಾಫಿ ತೋಟದ ಲೈನ್ ಮನೆಗಳು, ಅಂದರೆ ಕೂಲಿಯವರು ಇರುವ ಸಾಲು ಮನೆಗಳು. ಅಲ್ಲಿಗೆ ಮದ್ಯದಂಗಡಿ ದೂರ. ಬಟವಾಡೆ ದಿನ ಸಂಜೆ ಕ್ಯಾನ್ ಹಿಡಿದುಕೊಂಡು ಯಾರೋ ಬರುತ್ತಾರೆ. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತಿತು. ಕುಡಿಯುವ ಚಟ ನಿಲ್ಲಲಿಲ್ಲ. 2008ರ ಮೇ ತಿಂಗಳಲ್ಲಿ ಬೆಂಗಳೂರು ಸುತ್ತಮುತ್ತ, ತಮಿಳುನಾಡು ಗಡಿಯಲ್ಲಿ ಕಳ್ಳಮದ್ಯ ಕುಡಿದು ನೂರಕ್ಕೂ ಹೆಚ್ಚು ಜನ ಸತ್ತರು. ಬಹುಪಾಲು ಕೂಲಿ ಮಾಡುವವರು.

ಇಂಥ ದೊಡ್ಡ ಸಾವುಗಳ ಹಿಂದೆ ಸಾಮಾನ್ಯವಾಗಿ ಇರುವುದು ಕಳ್ಳಭಟ್ಟಿಗೆ ಹುದುಗಿಸುವ ಬೆಲ್ಲದ ಕೊಳೆಯಲ್ಲ, ಮೆಥನಾಲ್. ಕಾರ್ಖಾನೆಯಲ್ಲಿ ಬಳಸುವ ಸ್ಪಿರಿಟ್. ನೋಡಲು ಕುಡಿಯುವ ಮದ್ಯದ ಹಾಗೇ ಇರುತ್ತದೆ, ವಾಸನೆಯಲ್ಲೂ ಗೊತ್ತಾಗುವುದಿಲ್ಲ. ಚಮಚಕ್ಕೆ ಹಾಕಿ ಬೆಂಕಿ ಹಚ್ಚಿ, ನೀಲಿ ಉರಿ ಬಂದರೆ ಒಳ್ಳೆ ಮಾಲು ಅಂತ ತೋಟಗಳಲ್ಲಿ ನಂಬುವವರಿದ್ದಾರೆ. ದಯವಿಟ್ಟು ನಂಬಬೇಡಿ. ಮೆಥನಾಲ್ ಕೂಡ ನೀಲಿಯಾಗೇ ಉರಿಯುತ್ತದೆ.

ಅದು ಕೂಡಲೇ ಕೊಲ್ಲುವುದಿಲ್ಲ. ಮೈಯೊಳಗೆ ನಿಧಾನವಾಗಿ ಫಾರ್ಮಿಕ್ ಆಮ್ಲವಾಗಿ ಕಣ್ಣಿನ ನರವನ್ನು ಸುಡುತ್ತದೆ. ಹನ್ನೆರಡು ಗಂಟೆ, ಕೆಲವೊಮ್ಮೆ ಒಂದು ದಿನ ಆದಮೇಲೆ ಹೊಟ್ಟೆನೋವು, ವಾಂತಿ, ಏದುಸಿರು. ಕಣ್ಣೆದುರು ಮಂಜು ಕವಿದ ಹಾಗೆ. ಮನೆಯವರು ಅಮಲು ಇಳಿದಿಲ್ಲ, ಮಲಗಲಿ ಅಂತ ಬಿಡುತ್ತಾರೆ. ಆ ಹೊತ್ತಿನಲ್ಲೇ ಜೀವ ಹೋಗುವುದು. ಆಸ್ಪತ್ರೆಗೆ ಬೇಗ ಬಂದರೆ ಮದ್ದಿದೆ. ರಕ್ತ ಶುದ್ಧಿ ಮಾಡುವ ಡಯಾಲಿಸಿಸ್ ಇದೆ.

ಜನ ಬರಲು ಹೆದರುವುದು ಕೇಸಿಗೆ. ಲೈನ್ ಮನೆಗಳಿಗೆ ಹೋದಾಗ ನಾನು ಹೆಂಗಸರನ್ನು ಕೂರಿಸಿಕೊಂಡು ಹೇಳುತ್ತೇನೆ: ನನಗೆ ಬೇಕಾಗಿರುವುದು ಮಾರಿದವನು, ನಿಮ್ಮ ಗಂಡ ಅಲ್ಲ. ಕಣ್ಣು ಮಂಜಾಯಿತು ಅಂದ ಕೂಡಲೇ ತೋಟದ ಜೀಪನ್ನೋ ಆಟೋವನ್ನೋ ಹತ್ತಿಸಿ. ಜೊತೆಯಲ್ಲಿ ಕುಡಿದವರನ್ನೂ ಎಬ್ಬಿಸಿ ಕರೆದುಕೊಂಡು ಬನ್ನಿ, ಅವರಿಗೆ ಇನ್ನೂ ಏನೂ ಆಗಿಲ್ಲ ಅಂದರೂ. ಕ್ಯಾನ್‌ನಲ್ಲಿ ಉಳಿದದ್ದನ್ನು ಹೆದರಿ ಚೆಲ್ಲಬೇಡಿ. ಹಾಗೇ ಮುಚ್ಚಿ ಡಾಕ್ಟರ ಕೈಗೆ ಕೊಡಿ.