ಅಜ್ಜಿಯನ್ನು ಮೊದಲು ಏನು ಕೇಳಬೇಕು?

ಪ್ರಶ್ನೆ: ನಮ್ಮ ಮನೆತನದ ಚರಿತ್ರೆ ಬರೆದಿಡಬೇಕೆಂದಿದ್ದೇನೆ. ಅಜ್ಜಿಗೆ ಎಂಬತ್ತು ದಾಟಿದೆ. ಏನು ಕೇಳಿದರೂ ‘ನಂಗೇನ್ ನೆನಪಿರುತ್ತೆ ಬಿಡು ಮಗಾ’ ಅಂತಾರೆ. ಹೇಗೆ ಶುರು ಮಾಡಲಿ?

ಉತ್ತರ: ಇಸವಿ ಕೇಳುವುದನ್ನು ಬಿಡಿ. ಅಟ್ಟದಿಂದ ಹಿತ್ತಾಳೆ ಪಾತ್ರೆಗಳನ್ನು ಇಳಿಸಿ. ಹಳೆಯ ಚೊಂಬು, ಕೊಳಗ, ಹರಿವಾಣಗಳ ಅಂಚಿನಲ್ಲಿ ಉಡುಗೊರೆ ಕೊಟ್ಟವರ ಹೆಸರನ್ನು ಚುಕ್ಕಿ ಹೊಡೆದು ಬರೆಸಿರುವುದುಂಟು, ಕೆಲವದರಲ್ಲಿ ತಾರೀಖೂ ಇರುತ್ತದೆ. ಹುಣಸೆಹಣ್ಣು ಹಚ್ಚಿ ತಿಕ್ಕಿದರೆ ಅಕ್ಷರ ಎದ್ದು ಕಾಣುತ್ತದೆ. ಅದನ್ನು ಅಜ್ಜಿಯ ಕೈಗಿಟ್ಟು ‘ಇದನ್ನ ಯಾರು ಕೊಟ್ಟಿದ್ದಜ್ಜಿ?’ ಅನ್ನಿ. ಕೊಟ್ಟವರು ಸೋದರಮಾವನಾಗಿದ್ದರೆ ಮಾತು ತವರಿಗೆ ಹೊರಳುತ್ತದೆ. ಆ ಕಡೆಯ ಹೆಸರುಗಳು ನಿಮ್ಮ ಮನೆಯ ಪಹಣಿಯಲ್ಲಿ ಎಂದೂ ಸಿಗುವುದಿಲ್ಲ, ಅದಕ್ಕೇ ಇದು ಮೊದಲು.

ವರ್ಷ ಬೇಕಾದಾಗ ಘಟನೆ ಹಿಡಿದು ಕೇಳಿ. 1973ರಲ್ಲಿ ಮೈಸೂರು ರಾಜ್ಯ ಕರ್ನಾಟಕವಾದಾಗ ಅಪ್ಪ ಶಾಲೆಗೆ ಹೋಗುತ್ತಿದ್ದರಾ? 1974ರಲ್ಲಿ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿಯಾದ ಮೇಲೆ ಗೇಣಿ ಜಮೀನು ತಮ್ಮ ಹೆಸರಿಗೆ ಆಗಲೆಂದು ಡಿಕ್ಲರೇಷನ್ (ಅರ್ಜಿ) ಕೊಟ್ಟಾಗ ಅಜ್ಜ ಇದ್ದರಾ? ಸಂವತ್ಸರ ಹೇಳಿದರೆ ಹಾಗೆಯೇ ಬರೆದುಕೊಳ್ಳಿ, ಆದರೆ ಅದು 60 ವರ್ಷಕ್ಕೊಮ್ಮೆ ಮರಳುತ್ತದೆ. ಧಾತು ಎಂದರೆ ಮಹಾಬರದ 1876-77 ಆಗಬಹುದು, 1936-37 ಕೂಡ ಆಗಬಹುದು. ಒಂದು ತಲೆಮಾರಲ್ಲ, ಎರಡು ತಲೆಮಾರಿನ ವ್ಯತ್ಯಾಸ ಅದು.

ಹೆಚ್ಚು ಜನ ಎಡವುವುದು ಹೆಸರುಗಳಲ್ಲಿ. ಮೊಮ್ಮಗನಿಗೆ ಅಜ್ಜನ ಹೆಸರಿಡುವ ರೂಢಿಯಿಂದ ಇಬ್ಬರು ರಂಗಪ್ಪಂದಿರು ಒಬ್ಬರಾಗಿಬಿಡುತ್ತಾರೆ. ಪ್ರತಿ ಹೆಸರಿನ ಜೊತೆ ಅಡ್ಡಹೆಸರು, ಹೆಂಡತಿಯ ಹೆಸರು, ಆಕೆಯ ತವರೂರು ಕೇಳಿದರೆ ಅವರು ಬೇರೆಯಾಗುತ್ತಾರೆ. ಮದುವೆಯಲ್ಲಿ ಹೆಸರು ಬದಲಾಗಿದ್ದರೆ ಹುಟ್ಟುಹೆಸರೂ ಬೇಕು. ಮನೆದೇವರು, ಬೆಡಗು (ಕುಲದೊಳಗಿನ ಬಳಿ) ಅಥವಾ ಗೋತ್ರ ಗೊತ್ತಾದರೆ ಹಿರಿಯರು ಎಲ್ಲಿಂದ ಬಂದರೆಂಬುದರ ಜಾಡು ಸಿಗಬಹುದು.

ಉಳಿದ ನೆಂಟರಿಗೆ ಫೋನ್ ಮಾಡುವಾಗ ‘ವಂಶವೃಕ್ಷ’ ಎಂಬ ಮಾತನ್ನೇ ಎತ್ತಬೇಡಿ. ಹಳ್ಳಿಯಲ್ಲಿ ಆ ಮಾತು ನಾಡಕಚೇರಿಯದು. ಪೌತಿ ಖಾತೆ (ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡುವುದು), ಆಸ್ತಿ ಪಾಲು ಎಂದೇ ಕೇಳಿಸುತ್ತದೆ, ದೊಡ್ಡಪ್ಪ ಅಲ್ಲಿಗೇ ಮೌನ. ‘ಅಜ್ಜಿಯ ಮದುವೆ ಫೋಟೋದಲ್ಲಿ ಇರೋರು ಯಾರು ಅಂತ ಹೇಳ್ತೀರಾ ದೊಡ್ಡಪ್ಪ?’ ಎಂದು ಕೇಳಿ, ನಿಮ್ಮ ಉದ್ದೇಶವನ್ನೂ ಬಿಡಿಸಿ ಹೇಳಿ.

ಒಪ್ಪಿಗೆ ಪಡೆದೇ ರೆಕಾರ್ಡ್ ಮಾಡಿ. ಫ್ಯಾನ್ ಆರಿಸಿ, ಮೊಬೈಲನ್ನು ಒಂದಡಿ ದೂರದಲ್ಲಿಡಿ. ಒಂದು ಸಲಕ್ಕೆ 40 ನಿಮಿಷ ಸಾಕು.

ಊರಿಗೆ ಹೆಳವರು ಬರುತ್ತಿದ್ದರಾ, ಅವರು ಯಾವ ಊರಿನವರು ಎಂಬುದನ್ನು ಮರೆಯದೆ ಕೇಳಿ. ಸುಗ್ಗಿ ಮುಗಿದ ಮೇಲೆ ಎತ್ತಿನೊಂದಿಗೆ ಬಂದು ಮನೆತನದ ಹೆಸರುಗಳನ್ನು ಹೇಳಿ ಕಾಳು ಪಡೆಯುತ್ತಿದ್ದವರು ಇವರು. ಅಜ್ಜಿಗೂ ಗೊತ್ತಿಲ್ಲದ ತಲೆಮಾರುಗಳು ಅವರ ಹೊತ್ತಿಗೆಯಲ್ಲಿ ಇರಬಹುದು.